ಕೂದಲಿಲ್ಲದ ಬೀಜ

"ಅದನ್ನ ತೆಗೀರಿ, ತೋಟದ ಹೂ ಅದು. ಬೆಟ್ಟದ್ದಲ್ಲ," ಎನ್ನುತ್ತ ಅಪ್ಪ ಅಮ್ಮನ ಎದೆಯ ಮೇಲಿದ್ದ ಹೂಗುಚ್ಛವನ್ನು ತೆಗೆಸುತ್ತಿದ್ದರು. ಹೆಂಡತಿ ಸತ್ತರೂ ಪಾಠ ನಿಂತಿರಲಿಲ್ಲ. ಗುಚ್ಛ ತಂದ ಪಕ್ಕದ ಮನೆಯಾಕೆ ಮುಖ ಸಪ್ಪೆ ಮಾಡಿಕೊಂಡು ಗೋಡೆಯ ಕಡೆ ಸರಿದಳು. ಮಗಳಿಗೆ ಮೈಯೆಲ್ಲ ಉರಿಯಿತು.

ಹಜಾರದ ತುಂಬ ಕಾಲೇಜಿನವರು. ಅಪ್ಪ ಅಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಬೆಟ್ಟದ ತುದಿಯ ಹಳದಿ ಹೂವೊಂದನ್ನು ಕಂಡುಹಿಡಿದವರೆಂದು ಹೆಸರು. ಕಂಡವಳು ಅಮ್ಮ. ಅವಳೂ ಅದೇ ಶಾಸ್ತ್ರ ಓದಿ, ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು. ಹೆಣ ಎತ್ತುವ ಮೊದಲು ಅಪ್ಪ ಒಂದು ಸಲವಾದರೂ ಬಾಯಿಬಿಟ್ಟು ಅದನ್ನು ಹೇಳಲಿ ಎಂದು ಮಗಳು ಕಾಯುತ್ತಿದ್ದಳು.

"ಅಮ್ಮಾವ್ರು ಪುಣ್ಯವಂತ್ರು. ಇಂಥ ಗಂಡ ಸಿಗ್ಬೇಕಲ್ಲ," ಎಂದರು ಪ್ರಿನ್ಸಿಪಾಲರು.

"ಹೌದು ಸಾರ್, ಸಿಕ್ಕಿದ್ದೆಲ್ಲಾ ಅವರಿಗೇ ಸಿಕ್ತು," ಎಂದಳು ಮಗಳು, ಅಪ್ಪನ ಕಡೆ ನೋಡುತ್ತ.

ಪ್ರಿನ್ಸಿಪಾಲರು ಅರ್ಥವಾಗದೆ ತಲೆಯಾಡಿಸಿದರು.

*

ಆ ಹೂ ಸಿಕ್ಕಿದ ದಿನ ಬೆಟ್ಟದಲ್ಲಿ ಅಪ್ಪನ ಕಾಲು ಉಳುಕಿತ್ತು. ಬಂಡೆಯ ಕೆಳಗೆ ಕೂತು ಮಗಳ ಕೈಯಲ್ಲಿ ಒತ್ತಿಸಿಕೊಳ್ಳುತ್ತಿದ್ದರು. ಅಮ್ಮ ಕರವಸ್ತ್ರದಲ್ಲಿ ಹೂ ಕಟ್ಟಿಕೊಂಡು ಮೇಲಿನಿಂದ ಇಳಿದು ಬಂದಳು.

"ಇಲ್ನೋಡ್ರಿ, ಇದು ಕೆಳಗೆ ಸಿಕ್ಕಿದ ಜಾತಿಯಲ್ಲ. ಬೀಜಕ್ಕೆ ಗಾಳೀಲಿ ಹಾರೋ ಕೂದಲೇ ಇಲ್ಲ."

"ಉದುರಿರತ್ತೆ ಕಣೇ. ಸೇವಂತಿಗೆ ಬಳಗದ ಹಳದಿ ಹೂವೆಲ್ಲ ಒಂದೇ ಥರ ಕಾಣೋದು. ನಿಂಗೊಂದು ಹುಚ್ಚು."

ಅಮ್ಮ ಬಿರಿಯದ ಮೊಗ್ಗೊಂದನ್ನು ಉಗುರಿನಿಂದ ಸೀಳಿ ಹಿಡಿದಳು. ಒಂದೇ ಹೂವೆಂದು ಕಾಣುವುದರೊಳಗೆ ರಾಶಿ ಪುಟ್ಟ ಹೂಗಳು; ಒಂದರ ಬುಡದಲ್ಲೂ ಕೂದಲಿನ ಎಳೆಯಿರಲಿಲ್ಲ. ಬಿರಿಯದ ಮೊಗ್ಗಿನಿಂದ ಉದುರುವುದಾದರೂ ಹೇಗೆ? ಅಪ್ಪ ತುಂಬ ಹೊತ್ತು ನೋಡಿದರು. ಮುಂದೆ ಹೂವಿನ ವಿಷಯ ಅಚ್ಚಾಯಿತು, ಅಪ್ಪನೊಬ್ಬರ ಹೆಸರಿನಲ್ಲಿ. "ಹೋಗ್ಲಿ ಬಿಡು, ಹೆಸರು ಮನೇಲೇ ಇದೆಯಲ್ಲ," ಎಂದು ಅಮ್ಮ ನಕ್ಕಳು. ಆ ನಗುವನ್ನು ಮಗಳು ಇನ್ನೂ ಕ್ಷಮಿಸಿರಲಿಲ್ಲ.

*

"ಸಾರ್, ಎರಡು ಮಾತು," ಎಂದರು ಪ್ರಿನ್ಸಿಪಾಲರು.

ಅಪ್ಪ ಎದ್ದು ಗಂಟಲು ಸರಿಮಾಡಿಕೊಂಡರು. "ಬೆಟ್ಟ ಅಂದ್ರೆ ಇವಳಿಗೆ ಪ್ರಾಣ. ಆ ಹೂ ಸಿಕ್ಕಿದ ದಿನ, ಪಾಪ, ಕಾಲು ಉಳುಕಿ ಕೆಳಗೇ ಕೂತಿದ್ಲು. ನಾನೊಬ್ನೇ ಮೇಲೆ ಹತ್ತಿ..."

"ಅಪ್ಪಾ, ಉಳುಕಿದ್ದು ನಿಮ್ಮ ಕಾಲು. ಒತ್ತಿದ್ದು ನಾನು. ಹತ್ತಿದ್ದು ಅಮ್ಮ."

ಅಪ್ಪನ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ; ಮಗಳಿಗೆ ಸಹಿಸಲಾಗದೆ ಹೋದದ್ದು ಅದೇ. ಅವರು ಹೇಳುತ್ತ ಹೇಳುತ್ತ ನಿಜವಾಗಿಯೂ ನಂಬಿಬಿಟ್ಟಿದ್ದರು.

"ಹೌದಾ?" ಎಂದರು. ಆಮೇಲೆ, ಗುರುತು ಸಿಗದ ಹೂ ಕೈಗೆ ಬಂದಾಗಲೆಲ್ಲ ಮಾಡುತ್ತಿದ್ದ ಹಾಗೆ, ಅಮ್ಮನ ಕಡೆ ಬಾಗಿ, "ಯಾರ ಕಾಲು ಕಣೇ ಉಳುಕಿದ್ದು?" ಎಂದು ಕೇಳಿ, ಉತ್ತರಕ್ಕೆ ಕಿವಿಗೊಟ್ಟು ನಿಂತರು.