ಬೇಡದ ಹೂಗಳು

ಟೈಲರ್‌ಗೆ ಬಟ್ಟೆ ಬಿಟ್ಟರೆ ಬೇರೆ ಯಾವುದರ ಗಂಧಗಾಳಿಯೂ ಇರಲಿಲ್ಲ. ಐವತ್ತು ದಾಟಿದ ಮೇಲೆ ಅಂಗಡಿಯ ಹಿಂದಿನ ಅಂಗೈಯಗಲದ ಅಂಗಳದಲ್ಲಿ ಸೌತೆ ಬೀಜ ಊರಿದ್ದು ಅಕ್ಕನಿಗಾಗಿ. ಅಪ್ಪ ಅಮ್ಮ ಹೋದಾಗ ಅವನಿಗೆ ಎಂಟು ವರ್ಷ. ಸಾಕಿದವಳು, ಸೂಜಿ ಹಿಡಿಯಲು ಕಲಿಸಿದವಳು, ಹೊಲಿಗೆ ಸೊಟ್ಟಗಾದರೆ ಅಳತೆಪಟ್ಟಿಯಲ್ಲಿ ಬಾರಿಸಿದವಳು ಎಲ್ಲ ಅವಳೇ. ಈಗ ಅವಳ ಗಂಟಲಲ್ಲಿ ಗಡ್ಡೆ. ಆಸ್ಪತ್ರೆಯವರು ರೇಡಿಯೇಶನ್ ಕರೆಂಟು ಕೊಟ್ಟು, ಔಷಧಿ ಕೊಟ್ಟು, ಕೊನೆಗೆ ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳುಹಿಸಿದ್ದರು. ಹಾಗೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಏನು ತಿಂದರೂ ಅವಳಿಗೆ ಉರಿ. ಪೇಟೆಯ ಸೌತೆಕಾಯಿಯ ಚೂರೊಂದನ್ನು ಬಾಯಿಗಿಟ್ಟು ಉಗಿದಳು, ರಬ್ಬರಿನಂತಿದೆ ಅಂದಳು.

"ಬಳ್ಳಿಯಿಂದ ಆಗ ತಾನೇ ಕಿತ್ತಿದ್ದು ಒಂದು ಸಿಕ್ಕಿದ್ರೆ ಇಳಿಯುತ್ತೇನೋ ಕಣೋ."

ಜೀವಮಾನದಲ್ಲಿ ಅವಳು ತಮ್ಮನನ್ನು ಕೇಳಿದ್ದು ಅದೊಂದೇ. ಐವತ್ತು ದಿನಕ್ಕೆ ಕಾಯಿ ಎಂದು ಬೀಜದ ಪೊಟ್ಟಣದ ಮೇಲಿತ್ತು. ಡಾಕ್ಟರು ಎರಡು ಮೂರು ತಿಂಗಳು ಎಂದಿದ್ದರು. ಸಾಕು ಎಂದುಕೊಂಡ ಟೈಲರ್, ಪಾಪ.

ಕಿಟಕಿಯ ಸರಳಿಗೆ ಕಟ್ಟಿದ ದಾರ ಹಿಡಿದು ಬಳ್ಳಿ ಹಬ್ಬಿತು, ಮೈತುಂಬ ಹಳದಿ ಹೂ ಬಿಟ್ಟಿತು. ಕೆಲವು ಹೂಗಳ ಹಿಂದೆ ಎಳೆ ಹೀಚು. ಮುಕ್ಕಾಲು ಪಾಲು ಹೂಗಳ ಹಿಂದೆ ಬರೀ ತೊಟ್ಟು. ಇವು ಯಾಕೆ ಹೀಗೆ ಎಂದು ಅಕ್ಕನನ್ನೇ ಕೇಳಿದ. ಹೊಲಿದ ಬಟ್ಟೆಯಲ್ಲಿ ಬೇಡದ ದಾರ ಒಂದೆಳೆ ನೇತಾಡಿದರೂ ಗಿರಾಕಿಗೆ ಕೊಡಬಾರದು ಎಂಬುದು ಅವಳ ಕಟ್ಟುನಿಟ್ಟು. ಅವಳಿಗೆ ಹೂವಾದರೇನು, ಬಟ್ಟೆಯಾದರೇನು.

"ಕಾಯಿ ಇಲ್ಲದ್ದು ಸುಮ್ಮನೆ ಸತ್ವ ತಿನ್ನುತ್ತೆ. ಕತ್ತರಿಸಿ ಬಿಸಾಕು."

ಅಂದಿನಿಂದ ದಿನಾ ಬೆಳಿಗ್ಗೆ ಅವನು ದಾರ ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಹೊರಗೆ ನಿಲ್ಲುತ್ತಿದ್ದ. ಅವಳು ಕಿಟಕಿ ಪಕ್ಕದ ಹಾಸಿಗೆಯಿಂದಲೇ ಬೆರಳು ತೋರುತ್ತಿದ್ದಳು: ಅಲ್ಲೊಂದು, ಎಲೆ ಮರೆಯಲ್ಲೊಂದು, ಕಣ್ಣೇನು ಕುರುಡೇ. ಕಾಯಿಲೆ ಬಿದ್ದ ಮೇಲೆ ಅವರಿಬ್ಬರೂ ನಕ್ಕಿದ್ದು ಆ ಬೆಳಗುಗಳಲ್ಲಿ ಮಾತ್ರ. ಕಾಯಿ ಇಲ್ಲದ ಒಂದು ಹೂವನ್ನೂ ಉಳಿಸಲಿಲ್ಲ, ಅಷ್ಟು ಅಚ್ಚುಕಟ್ಟು.

ಹೀಚುಗಳು ಒಂದೊಂದೇ ಹಳದಿಯಾಗಿ ಮುರುಟಿ ಉದುರಿದವು. ಅವನು ನೀರು ಹೆಚ್ಚಿಸಿದ, ಗೊಬ್ಬರ ಸುರಿದ, ಬಿಸಿಲಿಗೆ ಬೈದ. ಅಕ್ಕ ಗಂಜಿಯನ್ನೂ ಬಿಟ್ಟು ಬರೀ ನೀರು ಕುಡಿಯುವ ಸ್ಥಿತಿಗೆ ಇಳಿದಿದ್ದಳು. ದಿನ ಬಿಟ್ಟು ದಿನ ಇಂಜೆಕ್ಷನ್ ಕೊಡಲು ಬರುತ್ತಿದ್ದ ನರ್ಸಮ್ಮ ಒಂದು ಬೆಳಿಗ್ಗೆ ಬೇಗ ಬಂದು ಈ ಕ್ಷೌರ ನೋಡಿದಳು.

"ಅದು ಗಂಡು ಹೂವು ಮಾರಾಯ್ರೇ. ಅದರ ಪುಡಿ ತಾಗದೆ ಕಾಯಿ ಕಚ್ಚೋದು ಹೇಗೆ?"

ಕಿಟಕಿ ತೆರೆದೇ ಇತ್ತು. ಒಳಗೆ ಹೋದ ಟೈಲರ್ ತಪ್ಪು ನನ್ನದೇ, ಎಡವಟ್ಟು ಕೈ ಎಂದ. ಅಕ್ಕ ಗೋಡೆಯ ಕಡೆ ಹೊರಳಿಕೊಂಡಳು.

ಅಷ್ಟರಲ್ಲಿ ಬಳ್ಳಿಗೂ ವಯಸ್ಸಾಗಿತ್ತು. ಬುಡದ ಎಲೆಗಳಿಗೆ ಬೂದಿ ರೋಗ ಹಿಡಿದಿತ್ತು. ತುದಿಯಲ್ಲಿ ಬಿಟ್ಟ ಎರಡು ಗಂಡು ಹೂ ಕಿತ್ತು, ಇದ್ದ ಮೂರು ಹೆಣ್ಣು ಹೂಗಳಿಗೆ ಉಜ್ಜಿದ. ಒಂದು ಕಚ್ಚಿತು. ಅದು ಹೆಬ್ಬೆರಳಿಗಿಂತ ಚೂರು ಉದ್ದವಾದ ದಿನ ನರ್ಸಮ್ಮ ಅವನನ್ನು ಬಾಗಿಲಾಚೆ ಕರೆದಳು. ಇನ್ನು ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಅಡ್ಡ ಬರುತ್ತದೆ, ಹತ್ತಿಯಲ್ಲಿ ತುಟಿ ಒದ್ದೆ ಮಾಡಿದರೆ ಸಾಕು ಎಂದಳು.

ಆದರೂ ಅವನು ಅದನ್ನು ಕೊಯ್ದು ತಂದ. ಅಕ್ಕ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಮೂಸಿ, ವಾಪಸ್ ಕೊಟ್ಟಳು.

"ನೀನೇ ತಿನ್ನೋ. ನಾನು ನೋಡ್ತೀನಿ."

ಅವನು ಕಚ್ಚಿದ. ವಿಷದಷ್ಟು ಕಹಿ. ಅಕ್ಕ ಹೇಗಿದೆ ಎಂದಳು. ಚೆನ್ನಾಗಿದೆ ಎಂದ. ಆ ಮುಖವನ್ನು ಅವನ ಎಂಟನೇ ವಯಸ್ಸಿನಿಂದ ಓದಿದವಳು ಅವಳು.

"ಉಗುಳು," ಅಂದಳು.

ಅವಳಿಗೆ ನುಂಗಲಾಗದ್ದನ್ನು ಅವಳೆದುರೇ ಉಗಿಯುವುದು ಅವನ ಕೈಲಾಗಲಿಲ್ಲ. ತೊಟ್ಟಿನವರೆಗೂ ತಿಂದ. ಅಕ್ಕ ಕೊನೆಯ ತುತ್ತು ಇಳಿಯುವವರೆಗೂ ಅವನ ಗಂಟಲನ್ನೇ ನೋಡುತ್ತಿದ್ದಳು.