ಹಕ್ಕಿಗೆ ಓದುವ ಗಂಡಸರು

ಪಾಸಿರ್ ಗೆಲಾಮ್ ಹಳ್ಳಿಯ ಗಂಡಸರಿಗೆ ಮಾತು ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳಗ್ಗೆ ಬಿಸಿಲು ಏರುವ ಮೊದಲು ಒಮ್ಮೆ ಬಂದು ನೋಡಬೇಕು. ಲುಂಗಿಯುಟ್ಟು ಬರಿಮೈಯಲ್ಲಿ ಅಂಗಳಕ್ಕಿಳಿದು, ಮನೆಗಿಂತ ಎತ್ತರದ ಕಂಬಕ್ಕೆ ಹಗ್ಗದಲ್ಲಿ ಪಂಜರ ಏರಿಸಿ, ಕತ್ತು ಮೇಲೆತ್ತಿ ನಿಂತು, ನನ್ನ ರಾಜ, ನನ್ನ ಬಂಗಾರ, ಒಂದೇ ಒಂದು ಸಲ ಕೂಗಪ್ಪ ಎಂದು ಮೆರ್ಬೊಕ್ ಹಕ್ಕಿಯ ಮುಂದೆ ಗೋಗರೆಯುತ್ತಿರುತ್ತಾರೆ. ಮೆರ್ಬೊಕ್ ಎಂದರೆ ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಬೆಳವ. ಹೆಂಡತಿ ಮಕ್ಕಳು ವರ್ಷಕ್ಕೊಮ್ಮೆಯೂ ಕೇಳದ ಮುದ್ದಿನ ಮಾತುಗಳನ್ನು ಅದು ದಿನಾ ಪುಕ್ಕಟೆ ಕೇಳಿಸಿಕೊಳ್ಳುತ್ತದೆ. ಮನಸ್ಸಾದರೆ ಕೂಗುತ್ತದೆ, ಇಲ್ಲದಿದ್ದರೆ ಪುಕ್ಕ ಕೆದರಿ ಕೆಳಗಿದ್ದವನ ತಲೆಯ ಮೇಲೆ ಹಿಕ್ಕೆ ಹಾಕುತ್ತದೆ.

ಇದನ್ನು ನೋಡಿದಾಗಲೆಲ್ಲ ರುಹೈನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಕೆ ರಾಜ್ಯ ಸರ್ಕಾರದ ಓದು ಯೋಜನೆಯ ಕಡೆಯವಳು. ಶಾಲೆಗೆ ಸೇರದ ಪುಟ್ಟ ಮಕ್ಕಳಿರುವ ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿ, ಚಿತ್ರದ ಪುಸ್ತಕ ಕೊಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಗೆ ಓದಬೇಕು, ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು ಎಂದು ತಂದೆ ತಾಯಂದಿರಿಗೆ ಹೇಳಿಕೊಡುವುದು ಅವಳ ಕೆಲಸ. ತಾಯಂದಿರು ಕಲಿಯುತ್ತಿದ್ದರು. ತಂದೆಯರು ಮಾತ್ರ ಅವಳ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಏನೋ ನೆನಪಾದವರಂತೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಐದು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು ಅವಳು, ಹಿತ್ತಿಲಿಗೆ ಹೋಗುವ ಗಂಡಸರೇನೂ ಅವಳಿಗೆ ಹೊಸಬರಲ್ಲ. ಆದರೆ ದೆರಾಮಾನನ ಮನೆಯ ವಿಷಯದಲ್ಲಿ ಮಾತ್ರ ಅವಳಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

ದೆರಾಮಾನನ ಹೆಂಡತಿ ಸೆಮೆಕ್, ಪೇಟೆಯಲ್ಲಿ ನಾಸಿ ಕೆರಾಬು ಮಾರುತ್ತಿದ್ದಳು. ನೀಲಿ ಅನ್ನ, ಮೀನು, ಸೊಪ್ಪು ಎಲ್ಲ ಕಟ್ಟಿಕೊಂಡು ಬೆಳಕು ಹರಿಯುವ ಮೊದಲೇ ಹೊರಟರೆ, ಹಿಂದಿರುಗುವಾಗ ಮಧ್ಯಾಹ್ನ ಮೀರಿ, ನಿಂತಲ್ಲೇ ನಿದ್ದೆ ಬರುವಷ್ಟು ದಣಿದಿರುತ್ತಿದ್ದಳು. ಅಷ್ಟೂ ಹೊತ್ತು ಮಗಳು ಮೆಲೂರ್ ಅಪ್ಪನ ಜೊತೆ, ಅಪ್ಪ ಹಕ್ಕಿಯ ಜೊತೆ. ಮೆಲೂರಿಗೆ ಮೂರೂವರೆ ವರ್ಷ. ಅನ್ನ, ಅಮ್ಮ, ಬೇಡ, ಇಲ್ಲ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಬೇಕಾದರೆ ಬೆರಳು ತೋರಿಸುತ್ತಿದ್ದಳು. ಆಸ್ಪತ್ರೆಯಲ್ಲಿ ನೋಡಿಸಿ ಆಗಿತ್ತು. ಕಿವಿ ಚೆನ್ನಾಗಿದೆ, ನಾಲಗೆ ಚೆನ್ನಾಗಿದೆ, ಮನೆಯಲ್ಲಿ ಮಾತಾಡಿಸಿ ಎಂದು ಹೇಳಿ ಕಳಿಸಿದ್ದರು. ಕಿವಿಗೆ ಬೀಳದ ಮಾತು ಬಾಯಿಗೆ ಎಲ್ಲಿಂದ ಬರಬೇಕು ಎಂದು ರುಹೈನಿ ಸೆಮೆಕ್‌ಳ ಮುಂದೆ ಹೇಳಿ, ಅವಳ ಕಣ್ಣಲ್ಲಿ ನೀರು ತುಂಬಿದ್ದು ನೋಡಿ, ಹೇಳಬಾರದಿತ್ತು ಎಂದು ಆಮೇಲೆ ಒದ್ದಾಡಿದ್ದಳು.

ದೆರಾಮಾನನಿಗೆ ಓದಲು ಬರುತ್ತಿರಲಿಲ್ಲವೆಂದಲ್ಲ. ಹಕ್ಕಿ ಕೂಗಿನ ಸ್ಪರ್ಧೆಯ ಸುದ್ದಿ ಬಂದ ಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದುತ್ತಿದ್ದ. ರುಹೈನಿ ಎಮ್ಮೆಯ ಕಥೆಯ ಪುಸ್ತಕ ಮುಂದೆ ಹಿಡಿದಾಗ ಮಾತ್ರ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

“ಅದೆಲ್ಲ ಹೆಂಗಸರ ಕೆಲಸ ಅಕ್ಕ. ನಾನು ಅಂಗಳದಲ್ಲಿ ಕೂತು ಎಮ್ಮೆ ಕಥೆ ಓದೋದು ಆ ಜುಸೋ ಕಣ್ಣಿಗೆ ಬಿದ್ರೆ ಊರೆಲ್ಲ ಡಂಗುರ ಹೊಡೀತಾನೆ. ಆಮೇಲೆ ನಾನು ಕಾಫಿ ಅಂಗಡಿಗೆ ಹೋಗೋದು ಬೇಡ್ವಾ?”

ಜುಸೋ ಪಕ್ಕದ ಮನೆಯವನು. ಅವನಿಗೂ ಮೂರು ಸಣ್ಣ ಮಕ್ಕಳು, ಎರಡು ಹಕ್ಕಿ, ಮತ್ತು ಊರಿನಲ್ಲೇ ಉದ್ದದ ನಾಲಗೆ. ರುಹೈನಿ ಪುಸ್ತಕವನ್ನು ಜಗುಲಿಯ ಮೇಲಿಟ್ಟು ಬಂದಳು. ಮುಂದಿನ ವಾರ ಹೋದಾಗ ಅದು ಇಟ್ಟಲ್ಲೇ ಇತ್ತು, ಮೇಲೊಂದು ಕಾಫಿ ಲೋಟದ ಗುರುತು ಮಾತ್ರ ಹೆಚ್ಚಾಗಿತ್ತು.

ಆ ದಿನ ದೆರಾಮಾನನ ಮುಖ ಬಾಡಿಹೋಗಿತ್ತು. ಅವನ ಹಕ್ಕಿ ಪಾಂಗ್ಲಿಮ ಎರಡು ವಾರದಿಂದ ಕೂಗಿರಲಿಲ್ಲ. ಸ್ಪರ್ಧೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಕಾಳು ಬದಲಿಸಿದ್ದ, ಎಳ್ಳು ತಿನ್ನಿಸಿದ್ದ, ಬಿಸಿಲು ಕಾಯಿಸಿದ್ದ. ಜಪ್ಪಯ್ಯ ಎಂದರೂ ಹಕ್ಕಿ ಬಾಯಿ ಬಿಡಲೊಲ್ಲದು. ಅವನು ತನ್ನ ದುಃಖವನ್ನೆಲ್ಲ ತೋಡಿಕೊಳ್ಳುತ್ತಿದ್ದರೆ, ಕೆಳಗೆ ಮಣ್ಣಿನಲ್ಲಿ ಕೂತ ಮೆಲೂರ್ ಒಮ್ಮೆ ಅಪ್ಪನ ಬಾಯಿ, ಒಮ್ಮೆ ಪಂಜರ ನೋಡುತ್ತಿದ್ದಳು. ಎರಡು ವಾರದಿಂದ ಮಾತಾಡದ ಹಕ್ಕಿಗೆ ಇಷ್ಟು ಚಿಂತೆ, ಮೂರು ವರ್ಷದಿಂದ ಮಾತಾಡದ ಮಗುವಿಗೆ ಇಲ್ಲವೇ ಎಂದು ಕೇಳಲು ರುಹೈನಿ ಬಾಯಿ ತೆರೆದಳು. ಹೊರಗೆ ಬಂದ ಮಾತೇ ಬೇರೆ.

“ಗಡಿಯಾಚೆ ಯಾಲದವರು ಏನು ಮಾಡ್ತಾರೆ ಗೊತ್ತಾ? ಹಕ್ಕಿಗೆ ಓದಿ ಹೇಳ್ತಾರೆ.”

ಯಾಲ ಎಂದರೆ ಸಾಕು, ಈ ಊರಿನ ಹಕ್ಕಿಗಾರರ ಕಿವಿ ನೆಟ್ಟಗಾಗುತ್ತದೆ. ಒಳ್ಳೆಯ ತಳಿಯ ಹಕ್ಕಿಗಳೆಲ್ಲ ಅಲ್ಲಿಂದ ಬರುವುದು. ಏನು ಓದುತ್ತಾರೆ ಎಂದು ದೆರಾಮಾನ್ ಕೇಳಿದ. ಮಕ್ಕಳ ಕಥೆ ಎಂದಳು ರುಹೈನಿ. ದೊಡ್ಡವರ ಪುಸ್ತಕದ ಮಾತು ಗಡಸು, ಹಕ್ಕಿ ಬೆದರುತ್ತದೆ. ನಿಧಾನವಾಗಿ ಓದಬೇಕು, ದನಿ ಏರಿಳಿಸಬೇಕು. ಚಿತ್ರ ಬಂದ ಕಡೆ ಬೆರಳಿಟ್ಟು ತೋರಿಸಿ, ಇದೇನು ಎಂದು ಕೇಳಿ, ಉತ್ತರಕ್ಕೆ ಕಾಯಬೇಕು.

ಪಂಜರ ಅಷ್ಟು ಮೇಲಿರುವಾಗ ಹಕ್ಕಿಗೆ ಚಿತ್ರ ಹೇಗೆ ಕಾಣುತ್ತದೆ ಎಂದು ದೆರಾಮಾನ್ ನ್ಯಾಯವಾಗಿಯೇ ಕೇಳಿದ.

“ಹಕ್ಕಿಗೆ ಕಾಣೋದು ಬೇಡ ಅಣ್ಣ. ಪಕ್ಕದಲ್ಲಿ ಒಂದು ಮಗು ಇರಬೇಕು. ಮಗುಗೆ ತೋರಿಸಿ ಕೇಳ್ಬೇಕು. ಮಗು ದನಿ ಕೇಳಿದ್ರೇನೇ ಹಕ್ಕಿಗೆ ಧೈರ್ಯ ಬರೋದು. ದಿನಾ ಓದಿ. ಒಂದು ದಿನ ತಪ್ಪಿದ್ರೂ ಮತ್ತೆ ಮೊದಲಿಂದ.”

ಅಷ್ಟು ಹೇಳಿ ಅವಳು ಸ್ಕೂಟರ್ ಹತ್ತಿ ಹೊರಟೇಬಿಟ್ಟಳು. ತರಬೇತಿಯಲ್ಲಿ ತನಗೆ ಹೇಳಿಕೊಟ್ಟ ಪಾಠವನ್ನು ಒಂದಕ್ಷರ ಬಿಡದೆ ಹಕ್ಕಿಯ ಕಾಲಿಗೆ ಕಟ್ಟಿ ಬಂದಿದ್ದಳು. ಸುಳ್ಳು ಹೇಳುವುದು ಪಾಪ ಎಂದು ಐದು ಮಕ್ಕಳಿಗೂ ಕಲಿಸಿದ ತಾಯಿ! ಆ ಸಂಜೆಯ ಪ್ರಾರ್ಥನೆಯಲ್ಲಿ ತುಸು ಹೆಚ್ಚು ಹೊತ್ತು ಕೂತಳು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಯೋಚನೆ ಮಾತ್ರ ಅವಳಿಗೆ ಬರಲಿಲ್ಲ.

ಮುಂದಿನ ವಾರ ತಿರುವಿನಲ್ಲೇ ಸ್ಕೂಟರ್ ನಿಲ್ಲಿಸಿ ಬಾಳೆಗಿಡದ ಮರೆಯಿಂದ ನೋಡಿದಳು. ದೆರಾಮಾನ್ ಕಂಬದ ಬುಡದಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಪುಸ್ತಕ ಮಡಿಲಲ್ಲಿ, ಮುಖ ಆಕಾಶದಲ್ಲಿ. ಚಪ್ಪಲಿ ಕಳೆದುಕೊಂಡ ಎಮ್ಮೆಯೊಂದು ಕಪ್ಪೆ, ಬಾತುಕೋಳಿ, ಮೇಕೆ ಎಲ್ಲರನ್ನೂ ನನ್ನ ಚಪ್ಪಲಿ ಕಂಡಿರಾ ಎಂದು ಕೇಳುತ್ತ ಹೋಗುವ ಕಥೆ. ಅದನ್ನು ಅವನು ಪಾಂಗ್ಲಿಮನಿಗೆ ಗಟ್ಟಿಯಾಗಿ ಕೇಳಿಸುತ್ತಿದ್ದ. ಚಿತ್ರ ಬಂದಾಗ ಕೆಳಗೆ ಬಗ್ಗಿ, ನಿಯಮ ತಪ್ಪಬಾರದೆಂಬ ಭಯಭಕ್ತಿಯಿಂದ, ಇದೇನು ಎಂದು ಮಗಳನ್ನು ಕೇಳಿ ಕಾಯುತ್ತಿದ್ದ. ಮಗಳು ಬಾಯಿ ಬಿಡುತ್ತಿರಲಿಲ್ಲ. ಅವನೂ ಬಿಡದೆ ಕಾಯುತ್ತಿದ್ದ. ಹಕ್ಕಿಗಾಗಿ ಕಾಯುವುದರಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಕಾಯಲು ಯಾರೂ ಕಲಿಸಬೇಕಾಗಿರಲಿಲ್ಲ.

ನಾಲ್ಕನೆಯ ವಾರಕ್ಕೆ ಎಮ್ಮೆ ಕಪ್ಪೆಯ ಹತ್ತಿರ ಹೋಗಿ ‘ನನ್ನ ಚಪ್ಪಲಿ...’ ಎನ್ನುವಷ್ಟರಲ್ಲಿ ಮೆಲೂರ್ “ಇಲ್ಲ” ಎಂದಳು. ಅಪ್ಪ ಪುಟ ತಿರುಗಿಸುವ ಮೊದಲೇ “ಬಾತು” ಎಂದಳು. ಮೇಲೆ ಪಾಂಗ್ಲಿಮ ಕುರ್ ಎಂದು ಒಂದು ಸಣ್ಣ ಸದ್ದು ಮಾಡಿತು. ಹಸಿವಿಗೋ ಬಿಸಿಲಿಗೋ, ಅದರ ಹೊಟ್ಟೆಯ ವಿಷಯ ಅದಕ್ಕೇ ಗೊತ್ತು. ದೆರಾಮಾನ್ ಮಾತ್ರ ಎದ್ದು ನಿಂತು ಕುಣಿದಾಡಿಬಿಟ್ಟ.

ಬೇಲಿಯಾಚೆಯಿಂದ ಜುಸೋ ಇದನ್ನೆಲ್ಲ ನೋಡುತ್ತಲೇ ಇದ್ದ. ಡಂಗುರವನ್ನೂ ಹೊಡೆದ. ಆದರೆ ಅವನು ಹೊಡೆದದ್ದು, ದೆರಾಮಾನನ ಹತ್ತಿರ ಯಾಲದವರ ಗುಟ್ಟು ಇದೆ ಎಂದು. ಎರಡೇ ದಿನದಲ್ಲಿ ಹಿತ್ತಿಲಿಗೆ ಓಡುತ್ತಿದ್ದ ಗಂಡಸರೆಲ್ಲ ರುಹೈನಿಯ ಸ್ಕೂಟರಿಗೆ ಅಡ್ಡ ನಿಂತರು. ಒಬ್ಬನಿಗೆ ಹುಲಿ ಇರುವ ಪುಸ್ತಕ ಬೇಕು, ಅವನ ಹಕ್ಕಿ ಪುಕ್ಕಲು. ಇನ್ನೊಬ್ಬನಿಗೆ ಉದ್ದದ ಕಥೆ ಬೇಕು, ಅವನ ಹಕ್ಕಿಗೆ ಉಸಿರು ಸಾಲದು. ಮಕ್ಕಳಿಲ್ಲದ ಮುದುಕನೊಬ್ಬ ನೆರೆಮನೆಯ ಮಗುವನ್ನು ದಿನಾ ಬೆಳಗ್ಗೆ ಬಾಳೆಹಣ್ಣು ಕೊಟ್ಟು ಎರವಲು ತರತೊಡಗಿದ. ರುಹೈನಿಗೆ ನಗು ತಡೆದು ತಡೆದು ಪಕ್ಕೆ ನೋಯುತ್ತಿತ್ತು, ಜೊತೆಗೆ ಹೆದರಿಕೆಯೂ ಆಗುತ್ತಿತ್ತು. ಸ್ಪರ್ಧೆಯ ದಿನ ಹಕ್ಕಿಗಳು ಬಾಯಿ ಮುಚ್ಚಿ ಕೂತರೆ ಈ ಬಾಗಿಲುಗಳೆಲ್ಲ ಒಟ್ಟಿಗೇ ಮುಚ್ಚುತ್ತವೆ. ಎಲ್ಲಕ್ಕಿಂತ ಮೊದಲು ಮೆಲೂರ್‌ಳ ಮನೆಯದು.

ಅಷ್ಟರಲ್ಲಿ ರಾಜಧಾನಿಯಿಂದ ಮೇಲಧಿಕಾರಿ ಪುವಾನ್ ಹಸ್ನಿತಾ ಪರಿಶೀಲನೆಗೆ ಬಂದರು. ಸಾಲು ಅಂಗಳಗಳಲ್ಲಿ ಗಂಡಸರು ಪುಸ್ತಕ ಹಿಡಿದು ಕೂತದ್ದು ನೋಡಿ ಅವರಿಗೆ ಕಣ್ಣು ತುಂಬಿ ಬಂತು. ತಂದೆಯರು ಮಕ್ಕಳಿಗೆ ಓದುವುದನ್ನು ಇಷ್ಟು ವರ್ಷದಲ್ಲಿ ಒಟ್ಟಿಗೇ ಇಷ್ಟೊಂದು ಕಡೆ ಕಂಡಿರಲಿಲ್ಲ ಎಂದು ಎದುರಿಗೆ ಕೂತಿದ್ದ ಜುಸೋನನ್ನು ಹೊಗಳಿದರು. ಜುಸೋ ಅವಮಾನವಾದವನಂತೆ ಎದ್ದು ನಿಂತ.

“ಮಕ್ಕಳಿಗಲ್ಲ ಮೇಡಂ. ಹಕ್ಕಿಗೆ. ಮಕ್ಕಳು ಸುಮ್ನೆ ಜೊತೆಗಿರ್ತಾವೆ ಅಷ್ಟೆ.”

ಪುವಾನ್ ಹಸ್ನಿತಾ ಪಂಜರ ನೋಡಿದರು, ಜುಸೋನ ತೊಡೆ ಹತ್ತಲು ಕಿತ್ತಾಡುತ್ತಿದ್ದ ಮೂರು ಮಕ್ಕಳನ್ನು ನೋಡಿದರು, ಕೊನೆಗೆ ರುಹೈನಿಯನ್ನು ನೋಡಿದರು. ನೆಟ್ಟಗೆ ಕಾರಿಗೆ ಹೋಗಿ ಕೂತರು. ಬಾಗಿಲು ಹಾಕಿಕೊಂಡ ಮೇಲೆ ಕಿಟಕಿ ಇಳಿಸಿ ಮೆಲ್ಲಗೆ, ನಮ್ಮ ಯಜಮಾನರೂ ಒಂದು ಹಕ್ಕಿ ಸಾಕಿದ್ದಾರೆ, ಮೊಮ್ಮಗ ನಮ್ಮಲ್ಲೇ ಇರುವುದು, ಒಂದು ಪುಸ್ತಕ ಹೆಚ್ಚಿಗೆ ಇದೆಯೇ ಎಂದು ಕೇಳಿದರು.

ಶುಕ್ರವಾರ ಸ್ಪರ್ಧೆ. ರುಹೈನಿ ಮೈದಾನದ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು. ದೇವರು ಆ ದಿನ ಯಾವ ಲಹರಿಯಲ್ಲಿದ್ದನೋ, ಪಾಂಗ್ಲಿಮ ಕೂಗಿತು. ಒಂದಲ್ಲ, ಎರಡಲ್ಲ, ಬಿಡುವಿಲ್ಲದೆ ಕೂಗಿ ಎರಡನೆಯ ಬಹುಮಾನ ಹೊಡೆಯಿತು. ಜುಸೋನ ಹಕ್ಕಿಗಳು ತುಟಿಪಿಟಕ್ಕೆನ್ನಲಿಲ್ಲ. ಅವನು ನಡುನಡುವೆ ಪುಟ ಹಾರಿಸುತ್ತಿದ್ದನೆಂದು ಎಲ್ಲರೂ ಸೇರಿ ಅವನನ್ನೇ ಬೈದರು. ರುಹೈನಿ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಗಡಿಯ ಗೊಲೊಕ್ ಹೊಳೆಯಾಚೆಯ ವ್ಯಾಪಾರಿಯೊಬ್ಬ ಕೈತುಂಬ ಹಣ ಕೊಟ್ಟು ಪಾಂಗ್ಲಿಮನನ್ನು ಕೊಂಡುಕೊಂಡ. ಅಷ್ಟೇ ಅಲ್ಲ, ಓದಿದ ಹಕ್ಕಿಯನ್ನು ಪುಸ್ತಕವಿಲ್ಲದೆ ಹೇಗೆ ಕೊಳ್ಳಲಿ ಎಂದು ಹಟ ಹಿಡಿದು, ಸರ್ಕಾರದ ಎಮ್ಮೆಯನ್ನೂ ಗಡಿ ದಾಟಿಸಿಬಿಟ್ಟ.

ಮನೆಗೆ ಬಂದ ರುಹೈನಿಗೆ ಊಟ ಸೇರಲಿಲ್ಲ. ಹಕ್ಕಿ ಹೋಯಿತು, ಇನ್ನು ದೆರಾಮಾನನಿಗೆ ಓದಲು ನೆಪವೇನಿದೆ? ಮಗು ಈಗಷ್ಟೇ ಎರಡೆರಡು ಪದ ಕೂಡಿಸುತ್ತಿತ್ತು. ಅಪ್ಪ ಮತ್ತೆ ಮೌನಕ್ಕೆ ಜಾರಿದರೆ ಅದೂ ಅವನ ಹಿಂದೆಯೇ ಜಾರುತ್ತದೆ. ಸುಳ್ಳಿನ ಮೇಲೆ ಮನೆ ಕಟ್ಟಿದೆನಲ್ಲ ಎಂದು ಅವಳಿಗೆ ಅಳುವೇ ಬಂತು. ಹೋಗಿ ನಿಜ ಹೇಳಿಬಿಡುವುದು, ಬೈದರೆ ಬೈಸಿಕೊಳ್ಳುವುದು ಎಂದು ನಿಶ್ಚಯಿಸಿ, ಬೇರೊಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಗ್ಗೆಯೇ ಹೊರಟಳು.

ತಿರುವಿನಲ್ಲೇ ದನಿ ಕೇಳಿಸಿತು. ದೆರಾಮಾನ್ ಕಂಬದ ಬುಡದಲ್ಲಿ ಕೂತು ಜುಸೋನಿಂದ ತಂದ ಆಮೆಯ ಪುಸ್ತಕ ಓದುತ್ತಿದ್ದ. ಮೇಲೆ ಖಾಲಿ ಪಂಜರ ಗಾಳಿಗೆ ತೂಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಹೊಸ ಹಕ್ಕಿ ಬರುವ ತನಕ ಪಂಜರಕ್ಕೆ ಅಭ್ಯಾಸ ತಪ್ಪಬಾರದು ಎಂದು ದೆರಾಮಾನ್ ಅವರಿಗೆ ಗಂಭೀರವಾಗಿ ತಿಳಿಸಿದ. ಅವರು ತಲೆದೂಗಿ ಮುಂದೆ ಹೋದರು.

ರುಹೈನಿ ಹತ್ತಿರ ಹೋಗಿ ಚೀಲವನ್ನು ಎದೆಗವಚಿಕೊಂಡು ನಿಂತಳು. ಯಾಲದಲ್ಲಿ ಯಾರೂ ಹಕ್ಕಿಗೆ ಓದುವುದಿಲ್ಲ, ಅದೆಲ್ಲ ತಾನು ಕಟ್ಟಿದ್ದು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ದೆರಾಮಾನ್ ಗಾಬರಿಯಿಂದ ಬೇಲಿಯ ಕಡೆ ನೋಡಿದ.

“ಮೆಲ್ಲಗೆ ಮಾತಾಡಿ ಅಕ್ಕ. ಜುಸೋ ಕೇಳಿಸ್ಕೊಂಡ್ರೆ ನಾಳೆಯಿಂದ ಅವನ ಮಕ್ಕಳಿಗೆ ಯಾರು ಓದ್ತಾರೆ? ಹುಟ್ಟಿದಾಗಿಂದ ಹಕ್ಕಿ ಸಾಕ್ತಿದೀನಿ, ನಂಗೊತ್ತಾಗಲ್ವಾ? ನೀವು ಹೇಳಿದ ದಿನಾನೇ ಗೊತ್ತಾಯ್ತು.”

ಗೊತ್ತಿದ್ದೂ ಯಾಕೆ ಓದಿದಿರಿ ಎಂದು ರುಹೈನಿ ಕೇಳಿದಳು. ಅವನು ಅವಳ ಮುಖ ನೋಡಲಿಲ್ಲ. ಪಂಜರ ನೋಡುತ್ತ, ಮಗಳ ಹತ್ತಿರ ಏನು ಮಾತಾಡಬೇಕೆಂದು ತನ್ನ ಅಪ್ಪ ತನಗೆ ಕಲಿಸಿರಲಿಲ್ಲ, ಹಕ್ಕಿಯ ಹತ್ತಿರ ಮಾತಾಡುವುದನ್ನು ಮಾತ್ರ ಕಲಿಸಿದ್ದ ಎಂದು ಗೊಣಗಿದ. ಮತ್ತೆ ಪುಸ್ತಕ ಎತ್ತಿ, ಕತ್ತು ಮೇಲೆ ಮಾಡಿ, ಆಮೆ ಹೊಳೆಗೆ ಇಳಿಯಿತು ಎಂದು ಖಾಲಿ ಪಂಜರಕ್ಕೆ ಓದತೊಡಗಿದ.

ಮೆಲೂರ್ ಎದ್ದಳು. ಎರಡೂ ಕೈಯಲ್ಲಿ ಅಪ್ಪನ ಗಲ್ಲ ಹಿಡಿದು ಅವನ ಮುಖವನ್ನು ಆಕಾಶದಿಂದ ಕೆಳಗೆ ಎಳೆದಳು.

“ಅಪ್ಪ, ಹಕ್ಕಿ ಹೋಯ್ತು. ನಂಗೆ ಓದು.”

ದೆರಾಮಾನ್ ಬೇಲಿಯ ಕಡೆ ನೋಡಿದ. ಜುಸೋ ತನ್ನ ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದ. ನೋಡಿದರೆ ನೋಡಲಿ ಎಂದು ದೆರಾಮಾನ್ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಣ್ಣೊರೆಸಿಕೊಂಡು, ಕಥೆಯನ್ನು ಮೊದಲ ಪುಟದಿಂದ ಓದಿದ.