ಸಾವ್ಕಾರರ ಉಲನ್ ಕಂಬಳಿ

ಚಂದ್ರಕಲಾಳ ಬೆನ್ನಿಗೆ ಕಂಬಳಿ ಅಂಟಿಕೊಂಡಿತ್ತು. ಕೊಟ್ಟವರು ಗುರಲಿಂಗಪ್ಪ ಸಾವ್ಕಾರರು. ಉಣ್ಣೆಯದು ಎಂದು ಹೇಳಿ ಕೊಟ್ಟಿದ್ದರು. ಉಣ್ಣೆಯದಾಗಿರಲಿಲ್ಲ.

ವಿಜಯಪುರದ ಸರಕಾರಿ ದವಾಖಾನೆಯಲ್ಲಿ ಅವಳನ್ನು ಬೋರಲು ಮಲಗಿಸಿದ್ದರು. ನರ್ಸಬಾಯಿ ಚಿಮಟ ಹಿಡಿದು ಒಂದೊಂದೇ ಎಳೆ ಕೀಳುತ್ತಿದ್ದಳು. ಎಳೆಯ ಜೊತೆ ತೊಗಲೂ ಬರುತ್ತಿತ್ತು. ಅತ್ತೆ ಹುಚ್ಚವ್ವ ಪಟ್ಟಿ ಸುತ್ತಿದ ತನ್ನ ಎರಡೂ ಕೈಗಳ ನಡುವೆ ಸೊಸೆಯ ಕೈ ಇಟ್ಟುಕೊಂಡು ಕುಳಿತಿದ್ದಳು.

"ಏನಿದು ಬೇ, ಯಾವ ಅರಬಿ?" ಕಿತ್ತ ಬಟ್ಟೆಯ ಎಳೆ ಎತ್ತಿ ಹಿಡಿದು ನರ್ಸಬಾಯಿ ಕೇಳಿದಳು.

"ಉಲನ್ ರೀ."

"ಉಲನ್ ಅಂತ ಉಲನ್! ಅಕ್ರಿಲಿಕ್ ಅದ ಇದು. ಪ್ಲಾಸ್ಟಿಕ್ ಕೊಡ ಒಲ್ಯಾಗ ಒಗದ್ರ ಹೆಂಗ ಕರಗತದ, ಹಂಗ ಕರಗಿ ಮೈ ಹಿಡದದ. ಉರಿಯಾಕಿ ಮ್ಯಾಲೆ ಇದನ್ನ ಯಾರ್ ಹಾಕಿದ್ರು?"

"ನಾನ ರೀ," ಎಂದಳು ಹುಚ್ಚವ್ವ.

ನರ್ಸಬಾಯಿ ತಲೆಯೆತ್ತಿ ನೋಡಿದಳು. ಮತ್ತೆ ಚಿಮಟ ಹಿಡಿದು ಬಗ್ಗಿದಳು.

ಹುಚ್ಚವ್ವ ಬಿಜ್ಜರಗಿಯ ಕುರಿಗಾರರ ಮನೆಯವಳು. ಹುಟ್ಟಿದಾಗ ಬಿದ್ದದ್ದೇ ಕಂಬಳಿಯ ಮೇಲೆ. ಕುರಿ ತರುಬಿದ ಹೊಲದಲ್ಲಿ ಬೆಂಕಿ ಹಾಕಿಕೊಂಡು ಮಲಗುವ ಮಂದಿ ಅವರು. ಕಿಡಿ ಹಾರಿ ಹೊದ್ದ ಕಂಬಳಿಯ ಮೇಲೆ ಬಿದ್ದರೆ ಮಗ್ಗುಲು ಕೂಡ ಬದಲಿಸುತ್ತಿರಲಿಲ್ಲ. ಕೂದಲು ಸುಟ್ಟ ನಾತ ಒಂದಿಷ್ಟು ಬಿಟ್ಟು ಕಿಡಿ ತಾನೇ ಸಾಯುತ್ತಿತ್ತು. ಬೆಂಕಿ ಮೇವಿಗೆ ಹತ್ತಲಿ, ಮರಿಯ ಮೈಗೆ ಹತ್ತಲಿ, ಹೆಗಲ ಕಂಬಳಿ ಕಿತ್ತು ಮೇಲೆ ಒಗೆದು ಒತ್ತಿ ಹಿಡಿದರೆ ಮುಗಿಯಿತು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಹಸಿವಾದರೆ ಬಾಯಿ ತೆರೆಯುವುದನ್ನು ಯಾರು ಕಲಿಸುತ್ತಾರೆ?

ತಿಕೋಟಾದ ಸಾವ್ಕಾರರ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿಗೆ ಅತ್ತೆ ಸೊಸೆ ಕೂಲಿಗೆ ಹೋದ ದಿನವೇ ಆ ಕುರಿಯುಣ್ಣೆಯ ಕಂಬಳಿ ಬಾಗಿಲಾಚೆ ಬಿತ್ತು.

"ಈ ಕುರಿ ನಾತ ಒಳಗ ತರಬ್ಯಾಡ್ರಲೇ," ಎಂದಿದ್ದರು ಸಾವ್ಕಾರರು, ಮೂಗಿಗೆ ಕರವಸ್ತ್ರ ಹಿಡಿದು. "ಮಣೂಕಕ್ಕ ಕೂದಲ ಹತ್ತತಾವು. ಕೂದಲದ ಜೋಡಿ ನಿಮ್ಮ ಹೇನೂ ಹತ್ತತಾವು. ಮುಂಬೈ ವ್ಯಾಪಾರಿ ಏನ್ ನಿಮ್ಮ ಬೀಗನೇನು, ನಕ್ಕೋತ ತಿನ್ನಾಕ?"

ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಗುಲಾಬಿ ಹೂವಿನ ಹೊಸ ಕಂಬಳಿ ಕೊಟ್ಟರು. ಅದರ ಚೀಲದ ಮೇಲೆ ಸಾವ್ಕಾರರು ಕೈಮುಗಿದು ನಿಂತ ಫೋಟೋ. ಯಾರಿಗೂ ಯಾವತ್ತೂ ಕೈಮುಗಿಯದ ಮನುಷ್ಯನನ್ನು ಹಾಗೆ ನೋಡಬೇಕಾದರೆ ಚೀಲವನ್ನೇ ನೋಡಬೇಕು.

"ಖರೇ ಉಲನ್ ಐತಿ. ನಿಮ್ಮ ಅಪ್ಪ ಅಜ್ಜ ಕನಸಿನ್ಯಾಗೂ ಕಂಡಿರಾಕಿಲ್ಲ."

ಹೊದ್ದರೆ ಚಟಚಟ ಅನ್ನುತ್ತಿತ್ತು, ತಲೆಗೂದಲು ನಿಗುರುತ್ತಿತ್ತು. "ಥೇಟ್ ಸಾವ್ಕಾರನಂಗ ಐತಿ ನೋಡತ್ತಿ, ಮುಟ್ಟಿದ್ರ ಕಡೀತೈತಿ," ಎಂದು ಚಂದ್ರಕಲಾ ನಕ್ಕಿದ್ದಳು.

ಒಣದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಾರೆ. ನಸುಕಿನಲ್ಲಿ ಆ ಕೆಲಸ ಚಂದ್ರಕಲಾಳದು. ಗಂಧಕ ಉರಿಯುವ ಕಬ್ಬಿಣದ ಬುಟ್ಟಿಯನ್ನು ಬಗ್ಗಿ ಒಳಗೆ ಸರಿಸುವಾಗ ಅವಳ ಸೆರಗು ಹತ್ತಿಕೊಂಡಿತು. ಹುಚ್ಚವ್ವ ಓಡಿ ಬಂದಳು. ನಸುಕಿನ ತಂಪಿಗೆಂದು ತಾನು ಹೊದ್ದದ್ದನ್ನು ಕಿತ್ತು ಸೊಸೆಗೆ ಸುತ್ತಿದಳು, ಎರಡೂ ಅಂಗೈಯಿಂದ ಒತ್ತಿ ಹಿಡಿದಳು. ಬೆಂಕಿ ಸಾಯಲಿಲ್ಲ. ಭಗ್ಗೆಂದಿತು. ಗುಲಾಬಿ ಹೂಗಳು ಕರಗಿ ಹನಿಹನಿಯಾಗಿ ಬೆನ್ನ ಮೇಲೆ ಇಳಿದವು.

ಸಾವ್ಕಾರರು ದವಾಖಾನೆಗೆ ಬಂದದ್ದು ಶುಕ್ರವಾರ. ಹಿಂದೆ ಮ್ಯಾನೇಜರ ಪ್ರತಾಪ. ಅವನ ಕೈಯಲ್ಲಿ ಕಪ್ಪಾದ ಬಾಳೆಹಣ್ಣು. ಸಾವ್ಕಾರರು ಹಾಸಿಗೆಯಿಂದ ಮಾರು ದೂರದಲ್ಲೇ ನಿಂತರು.

"ಸೋಮಾರ ಪೊಲೀಸ ಜಮಾದಾರ ಹೇಳಿಕಿ ಬರಕೊಳ್ಳಾಕ ಬರ್ತಾನ ಹುಚ್ಚವ್ವ. ಮನ್ಯಾಗ ಸ್ಟೋ ಸಿಡೀತು ಅನ್ನು. ಶೆಡ್ಡಿನ ಹೆಸರು ಬಾಯಾಗ ಬರಬಾರ್ದು."

"ನಮ್ಮ ಮನ್ಯಾಗ ಸ್ಟೋನ ಇಲ್ಲಲ್ರಿ ಯಪ್ಪಾ."

"ಪ್ರತಾಪ ತಂದ ಇಡ್ತಾನ. ಒಡದದ್ದನ್ನ."

ಪ್ರತಾಪ ಗೋಣು ಆಡಿಸಿದ.

"ಇನ್ನೊಂದು. ಐತವಾರ ನಮ್ಮಪ್ಪಾರ ಪುಣ್ಯತಿಥಿ. ಐದ್ನೂರ ಮಂದಿಗೆ ಕಂಬಳಿ ಕೊಡಾಕತ್ತೇನಿ. ನಿನ್ನ ಸೊಸಿ ಸುದ್ದಿ ಕೇಳಿ ಊರಾಗ ಏನೇನೋ ಬೊಗಳಾಕತ್ತಾರ. ಮೊದಲನೇ ಕಂಬಳಿ ಸ್ಟೇಜಿನ ಮ್ಯಾಲೆ ನೀ ತಗೋಬೇಕು. ನೀ ತಗೊಂಡಿ ಅಂದ್ರ ಎಲ್ಲಾರ ಬಾಯಿ ಮುಚ್ಚತಾವು."

"ಅವ ಕಂಬಳಿ ಏನ್ರಿ?"

"ಮತ್ತೇನು, ನಿನಗ ಕಾಶ್ಮೀರದಿಂದ ತರಸ್ಲೇನು?" ಸಾವ್ಕಾರರು ಈಗ ಹತ್ತಿರ ಬಂದರು, ದನಿ ತಗ್ಗಿತು. "ಕೇಳಿಲ್ಲಿ ರಂಡಿ. ಉರಿಯಾಕಿ ಸೊಸಿ. ಕಂಬಳಿ ಸುತ್ತಿ ಒತ್ತಿ ಹಿಡದಾಕಿ ಅತ್ತಿ. ಕಣ್ಣಲೇ ಕಂಡವ್ರು ಶೆಡ್ಡಿನ ತುಂಬ ಅದಾರ. ಅತ್ತಿ ಸೊಸಿನ್ನ ಸುಟ್ಟಳು ಅಂತ ಬರಸಾಕ ನನಗೆಷ್ಟೊತ್ತು ಬೇಕು? ಕುರಿ ಕಾಯಾಕ ಹೋದ ನಿನ್ನ ಮಗಾ ತಿರುಗಿ ಬಂದ್ರ ಹೆಣ್ತಿನ್ನ ಇಲ್ಲಿ ನೋಡಬೇಕು, ಅವ್ವನ್ನ ದರ್ಗಾ ಜೈಲಿನ್ಯಾಗ ನೋಡಬೇಕು."

ಅವರು ಹೋದ ಮೇಲೆ ಚಂದ್ರಕಲಾ ದಿಂಬಿನೊಳಗಿಂದಲೇ ಮಾತಾಡಿದಳು. "ಹೂಂ ಅಂದ ಬಿಡು ಅತ್ತಿ. ನೀ ಜೈಲಿಗೆ ಹೋದ್ರ ನನಗ ನೀರ ಕುಡಸಾವ್ರ ಯಾರು?"

ಹುಚ್ಚವ್ವ ಪಟ್ಟಿ ಕೈಯಿಂದಲೇ ನೀರಿನ ಲೋಟ ಸೊಸೆಯ ಬಾಯಿಗೆ ಹಿಡಿದಳು. ಐತವಾರ ತಿಕೋಟಾದ ಬಸ್ಸು ಹತ್ತಿದಳು.

ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ನಾಯಿಗಳೂ ನೆರಳು ಬಿಟ್ಟು ಏಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕಂಬಳಿ ದಾನ. ಚಳಿಗಾಲ ಮುಗಿದ ಮೇಲೆ ಅಂಗಡಿಯವರು ಅರ್ಧ ರೇಟಿಗೆ ಬಿಸಾಡುವ ಮಾಲು ಲಾರಿಯಲ್ಲಿ ಬಂದು ಇಳಿದಿತ್ತು. ವೇದಿಕೆಯ ಮೇಲೆ ಸ್ವಾಮಿಗಳಿಗೆ ಕೂಲರು. ಕೆಳಗೆ ಐದುನೂರು ಮಂದಿಗೆ ತಲೆಯ ಮೇಲೆ ಸೂರ್ಯ. ಸಾವ್ಕಾರರ ಹೆಗಲ ಮೇಲೆ ಮಾತ್ರ ಕರಿ ಕಂಬಳಿ, ಕುರಿಗಾರರ ಸಂಘದವರು ಸನ್ಮಾನಕ್ಕೆ ಹೊದಿಸಿದ್ದು. ಇವತ್ತು ಅದರ ನಾತ ಅವರಿಗೆ ಬಡಿಯುತ್ತಿರಲಿಲ್ಲ.

"ದಾನಶೂರ, ದೀನಬಂಧು ಗುರಲಿಂಗಪ್ಪ ಸಾಹುಕಾರರ ಅಮೃತಹಸ್ತದಿಂದ," ಎಂದು ಪ್ರತಾಪ ಮೈಕಿನಲ್ಲಿ ಒದರಿದ, "ಮಾತೆ ಹುಚ್ಚವ್ವನವರು ಕಂಬಳಿ ಸ್ವೀಕರಿಸಬೇಕು!"

ಮೊನ್ನೆ ರಂಡಿಯಾಗಿದ್ದವಳು ಮಾತೆಯಾಗಿ ಮೆಟ್ಟಿಲು ಹತ್ತಿದಳು.

"ಯವ್ವಾ, ಕೈ ಪಟ್ಟಿ ಕಾಣಾಕತ್ತಾವು," ಎಂದ ಫೋಟೋದವನು. "ಸೆರಗಿನ್ಯಾಗ ಮುಚ್ಚಗೋ. ಹಾಂ, ಒಂಚೂರು ನಗು."

ಸಾವ್ಕಾರರು ಕಂಬಳಿ ಮುಂದೆ ಚಾಚಿದರು. ಆಗ ಕೆಳಗಿನ ಸಾಲಿನ ಮೊದಲಿಗೆ ನಿಂತಿದ್ದ ಆಮ್ರಪಾಲಿ ಕೂಗಿದಳು. ಅದೇ ಶೆಡ್ಡಿನ ಕೂಲಿಯವಳು, ಸೊಂಟದಲ್ಲಿ ಕೂಸು.

"ಯಕ್ಕಾ! ತಗೋಬೌದೇನ? ಕೂಸಿಗೆ ಹೊದಸಿದ್ರ ನಡೀತೈತೇನ?"

ಸಾವ್ಕಾರರು ಹಲ್ಲು ಕಾಣುವಂತೆ ನಕ್ಕು, ಹಲ್ಲಿನೊಳಗಿಂದಲೇ ಹೇಳಿದರು, "ನಡೀತೈತಿ ಅನ್ನು. ಬೆಚ್ಚಗಿರತೈತಿ ಅನ್ನು." ಮೈಕನ್ನು ಹುಚ್ಚವ್ವನ ಬಾಯಿಗೆ ತಂದು ಹಿಡಿದವರೂ ಅವರೇ.

"ಬ್ಯಾಡ, ಆಮ್ರಪಾಲಿ," ಎಂದಳು ಹುಚ್ಚವ್ವ. "ನನ್ನ ಸೊಸಿಗೆ ಇದನ್ನ ನಾನ ಸುತ್ತೇನಿ. ಈ ಕೈಲೇ ಒತ್ತಿ ಹಿಡದೇನಿ. ಉಲನ್ ಅಂತ ಸುತ್ತೇನಿ. ಬೆನ್ನ ತುಂಬ ಕರಗಿ ಹತ್ತೈತಿ, ಇನ್ನೂ ಕೀಳಾಕತ್ತಾರ. ಮನ್ಯಾಗಲ್ಲ, ಶೆಡ್ಡಿನ್ಯಾಗ ಆಗೈತಿ."

"ಮೈಕ್ ಬಂದ್ ಮಾಡ್ಲೇ ಪ್ರತಾಪ, ಭಾಡ್ಯಾ!"

ದಾನಶೂರರ ಆ ಮಾತು ತಿಕೋಟಾದ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ಆಮೇಲೆ ಮೈಕು ಬಂದಾಯಿತು. ಸ್ವಾಮಿಗಳು ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತರು.

"ಇವತ್ತ ಕರಸ್ತೀನಿ ಜಮಾದಾರನ್ನ," ಸಾವ್ಕಾರರ ಎಂಜಲು ಅವಳ ಮುಖಕ್ಕೆ ಸಿಡಿಯಿತು. "ಜೈಲಿನ್ಯಾಗ ಕೊಳೀತಿ ನೀ."

"ಕರಸು."

"ಮೊದ್ಲ ಇದನ್ನ ತಗೋ. ತಗೊಂಡು ಕೆಳಗಿಳಿ." ಗುಲಾಬಿ ಹೂವಿನ ಕಂಬಳಿಯನ್ನು ಅವಳ ಎದೆಗೆ ಒತ್ತಿದರು.

ಹುಚ್ಚವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಕಂಬಳಿ ಜಾರಿ ಕಾಲ ಬಳಿ ಬಿತ್ತು.

"ತಗೋಳಂಗಿಲ್ಲ," ಎಂದಳು. "ಜಮಾದಾರ ಬರೂತನಕ ಇಳ್ಯಂಗೂ ಇಲ್ಲ."